ಮಗನಿಗೆ ಟ್ರಯಲ್ ಬಂದಿದೆ, ದುಡ್ಡು ಬೇಕು ಅಂದರೆ

ನಾನು ಘಾನಾದ ತೇಮಾದಲ್ಲಿ ಒಂದು ಗೋದಾಮಿನ ಲೆಕ್ಕ ಬರೆಯುತ್ತೇನೆ. ಲಾರಿ ಇಳಿಸುವವರು, ಕಾವಲಿನವರು ಮುಂಗಡ ಕೇಳಲು ನನ್ನ ಹತ್ತಿರವೇ ಬರುತ್ತಾರೆ. "ಮಗನಿಗೆ ಯುರೋಪಿನ ಫುಟ್‌ಬಾಲ್ ಕ್ಲಬ್ಬಿನಿಂದ ಟ್ರಯಲ್ ಪತ್ರ ಬಂದಿದೆ, ಏಜೆಂಟ್ ದುಡ್ಡು ಕೇಳುತ್ತಿದ್ದಾನೆ" ಎಂದು ಫೋನ್ ತೋರಿಸುತ್ತಾರೆ. ಟ್ರಯಲ್ ಎಂದರೆ ಸೇರಿಸಿಕೊಳ್ಳುವ ಮುನ್ನ ಹುಡುಗನ ಆಟ ನೋಡುವ ಪರೀಕ್ಷೆ. ಆಫ್ರಿಕಾದಲ್ಲಿ ದುಡಿಯುವ ನಮ್ಮವರಲ್ಲಿ ಎಷ್ಟೋ ಜನರ ಮುಂದೆ ಇಂಥ ಪತ್ರ ಬಂದಿರುತ್ತದೆ, ಅಲ್ವಾ? ಸುಮ್ನೆ ದುಡ್ಡು ಕೊಡಬೇಡಿ, ಬೈದು ಕಳಿಸಲೂ ಬೇಡಿ. ಕೂರಿಸಿಕೊಂಡು ಪತ್ರ ಓದಿ.

ಮೊದಲು ಹುಡುಗನ ವಯಸ್ಸು ಕೇಳಿ. 18 ತುಂಬದವರನ್ನು ಬೇರೆ ದೇಶದ ಕ್ಲಬ್ ಸೇರಿಸಿಕೊಳ್ಳುವಂತಿಲ್ಲ ಎಂಬುದು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ. ಕೆಲವು ವಿನಾಯಿತಿಗಳಿವೆ, ಆದರೆ ಆಟಕ್ಕಾಗಿಯೇ ಒಬ್ಬನೇ ಹೊರಟ ಬಡ ಹುಡುಗನಿಗೆ ಅವು ಸಿಗುವುದು ಕಷ್ಟ. ಈ ನಿಯಮ ಮುರಿದದ್ದಕ್ಕೆ 2014ರಲ್ಲಿ ಬಾರ್ಸಿಲೋನಾ ಕ್ಲಬ್ಬಿಗೇ ಶಿಕ್ಷೆ ಆಯಿತು. ಏಜೆಂಟ್ "ವಯಸ್ಸು ತಿದ್ದೋಣ" ಎಂದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಹುಡುಗನಿಗೆ ಘಾನಾದ ಆಟಗಾರ ಮೊಹಮ್ಮದ್ ಕುಡುಸ್‌ನ ಕಥೆ ಹೇಳಿ. ಅಕ್ರಾದ ನೀಮಾದಲ್ಲಿ ಬೆಳೆದವನು, ರೈಟ್ ಟು ಡ್ರೀಮ್ ಅಕಾಡೆಮಿಯಲ್ಲಿ ಕಲಿತವನು. ಡೆನ್ಮಾರ್ಕಿನ ನಾರ್ಡ್‌ಶೆಲಂಡ್ ಕ್ಲಬ್ ಪರ ಅವನು ಮೊದಲ ಪಂದ್ಯ ಆಡಿದ್ದು 2018ರ ಆಗಸ್ಟ್‌ನಲ್ಲಿ, 18 ತುಂಬಿದ ಮೇಲೆ.

ಆಮೇಲೆ ಏಜೆಂಟ್. ಫಿಫಾ ಪರವಾನಗಿ ಕೊಡುವುದು ವ್ಯಕ್ತಿಗೆ, ಕಂಪನಿಗಲ್ಲ. ಅವನ ಪೂರ್ತಿ ಹೆಸರು ಕೇಳಿ, ಫಿಫಾ ವೆಬ್‌ಸೈಟಿನ ಪಟ್ಟಿಯಲ್ಲಿ ಹುಡುಕಿ. ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಅದು ಅವನದೇ ಗೆಳೆಯನದಾಗಿರಬಹುದು. ಕ್ಲಬ್ಬಿನ ಸ್ವಂತ ವೆಬ್‌ಸೈಟಿನಿಂದ ವಿಳಾಸ ತೆಗೆದು ನೀವೇ ಇಮೇಲ್ ಬರೆಯಿರಿ. ಅಪ್ಪಂದಿರಿಗೆ ಇಂಗ್ಲಿಷ್ ಬರವಣಿಗೆ ಕಷ್ಟ, ನಿಮ್ಮಿಂದ ಆಗುವ ದೊಡ್ಡ ಸಹಾಯ ಇದೇ.

"ನೋಂದಣಿ ಶುಲ್ಕ", "ಟ್ರಯಲ್ ಗ್ಯಾರಂಟಿ" ಎಂದು ಏಜೆಂಟ್ ಮೊದಲೇ ದುಡ್ಡು ಕೇಳಿದರೆ ಕೊಡಲೇಬೇಡಿ. ಹುಡುಗ ನಿಜವಾಗಿ ಬೇಕಾದ ಕ್ಲಬ್ ಅಪ್ಪನ ಜೇಬಿಗೆ ಕೈ ಹಾಕುವುದಿಲ್ಲ. ಮೀನಿಗೆ ಹೊಗೆ ಹಾಕಿ ಮಾರುವ ತಾಯಿಯೊಬ್ಬಳು ಇದಕ್ಕಾಗಿ ತನ್ನ ಒಲೆಗಳನ್ನೇ ಮಾರಲು ಹೊರಟಿದ್ದಳು. ಆ ಒಲೆ ಹೋದರೆ ಮನೆಯವರೆಲ್ಲರ ಊಟ ಹೋಗುತ್ತದೆ. ನಾನು ಇದನ್ನು ಬರೆಯುತ್ತಿರುವುದೇ ಅವಳಂಥವರಿಗಾಗಿ.

ಊರಿನ ಕೋಲ್ಟ್ಸ್ ತಂಡದ (ಚಿಕ್ಕ ಹುಡುಗರ ತಂಡ) ಕೋಚ್‌ನನ್ನು ಕರೆಸುವುದನ್ನು ಮರೆಯಬೇಡಿ. ಹುಡುಗ ಮೊದಲ ಬಾರಿ ವೃತ್ತಿಪರನಾಗಿ ಹೊರದೇಶದಲ್ಲಿ ಸಹಿ ಹಾಕಿದಾಗ, 12ನೇ ವಯಸ್ಸಿನಿಂದ ಅವನಿಗೆ ಕಲಿಸಿದ ಕ್ಲಬ್ಬುಗಳಿಗೆ ತರಬೇತಿ ಪರಿಹಾರ ಸಲ್ಲಬೇಕು. ಅದಕ್ಕೆ ನೋಂದಣಿ ಕಾಗದಗಳು ಸರಿ ಇರಬೇಕು. ಹಾಗಾಗಿ "ಕೋಚ್‌ಗೆ ಹೇಳಬೇಡ" ಎನ್ನುವ ಏಜೆಂಟನನ್ನು ನಾನು ನಂಬುವುದಿಲ್ಲ.

ಎಲ್ಲ ಸರಿ ಕಂಡು ಹುಡುಗ ಹೊರಟರೂ ಪಾಸ್‌ಪೋರ್ಟ್ ಅವನ ಕೈಯಲ್ಲೇ ಇರಲಿ, ನಕಲು ಅಪ್ಪನ ಹತ್ತಿರ ಇರಲಿ. ವಾಪಸ್ ಟಿಕೆಟ್ ನೋಡಿ. 2015ರಲ್ಲಿ ಪಶ್ಚಿಮ ಆಫ್ರಿಕಾದ ಹದಿಹರೆಯದ ಹುಡುಗರನ್ನು ಅಕಾಡೆಮಿ ಎಂದು ಹೇಳಿ ಲಾವೋಸ್‌ಗೆ ಕರೆದೊಯ್ದಿದ್ದರು.

ಪತ್ರ ಸುಳ್ಳು ಎಂದು ಗೊತ್ತಾದರೂ ಮುಂಗಡ ಕೊಡಬೇಕೆನಿಸಿದರೆ ಶಾಲೆಯ ಫೀಸಿಗೆ, ಬೂಟಿಗೆ ಕೊಡಿ. ಏಜೆಂಟನ ಮೊಬೈಲ್ ಮನಿಗೆ, ಅಂದರೆ ಅವನ ಫೋನಿನ ಖಾತೆಗೆ, ಬೇಡ.