ಪಿಕಪ್‌ನ ಜಾಮ್ ಆದ ಹ್ಯಾಂಡ್‌ಬ್ರೇಕನ್ನು ಮನೆಯಲ್ಲೇ ಬಿಡಿಸಿದ್ದು

ಮಲೆನಾಡಿನಲ್ಲಿ ಪಿಕಪ್ ಇಟ್ಟುಕೊಂಡವರು ಬಹಳ ಮಂದಿ ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಮುಟ್ಟುವುದೇ ಇಲ್ಲ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೊಂದು ಕಲ್ಲು ಕೊಟ್ಟು ಇಳಿಯುತ್ತಾರೆ. ಎಳೆದಿಟ್ಟರೆ ಬೆಳಗಾಗುವಷ್ಟರಲ್ಲಿ ಬ್ರೇಕ್ ಶೂ (ಲೈನರ್ ಎಂಬ ಉಜ್ಜುಪಟ್ಟಿ ಅಂಟಿಸಿದ ಬಿಲ್ಲಿನಾಕಾರದ ತುಂಡು) ಚಕ್ರದೊಂದಿಗೆ ತಿರುಗುವ ಡ್ರಮ್ಮಿಗೆ ಅಂಟಿರುತ್ತದೆ ಎಂಬ ಭಯ. ಒದ್ದೆ ಡ್ರಮ್ಮಿನಲ್ಲಿ ಹಾಗೆ ಅಂಟುವುದು ನಿಜ. ಆದರೆ ಆ ಅಂಟು ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಿದರೆ 'ಟಕ್' ಎಂದು ಬಿಟ್ಟುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲುಗಾಡದೆ ಬಿದ್ದ ಕೇಬಲ್ಲಿಗೂ ಡ್ರಮ್ಮಿನೊಳಗಿನ ಪಿನ್ನಿಗೂ ಹಿಡಿಯುವ ತುಕ್ಕು ಹಾಗೆ ಬಿಡುವಂಥದ್ದಲ್ಲ. ನಾನು ನೋಡಿದ ಜಾಮ್‌ಗಳಲ್ಲಿ ಹೆಚ್ಚಿನವು ಬಳಸಿ ಆದದ್ದಲ್ಲ, ಬಳಸದೆ ಆದದ್ದು. ಓಡಾಟ ಇರುವ ದಿನಗಳಲ್ಲಿ ದಿನವೂ ಎಳೆಯಬೇಕು, ಬಿಡಬೇಕು. ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸುವಾಗ ಮಾತ್ರ ಗೇರು ಮತ್ತು ಅಡ್ಡಗಟ್ಟೆ ಸಾಕು.

ನಮ್ಮ ತೋಟ ತೀರ್ಥಹಳ್ಳಿ ಕಡೆ. ಗೊಬ್ಬರ, ಅಡಿಕೆ, ದರಗು, ಎಲ್ಲದಕ್ಕೂ ಇದೇ ಗಾಡಿ. ದಾರಿಯಲ್ಲಿ ಒಂದು ಹಳ್ಳ ದಾಟಬೇಕು, ಹಿಂದಿನ ಚಕ್ರಗಳು ಅರ್ಧದವರೆಗೆ ನೀರಿನಲ್ಲಿ ಮುಳುಗುತ್ತವೆ. ಈ ಸಲ ಮಳೆ ಕಡಿಮೆಯಾದ ಮೇಲೆ ಲೋಡಿಲ್ಲದಿದ್ದರೂ ಗಾಡಿ ಎಳೆಯುತ್ತಿಲ್ಲ ಅನ್ನಿಸತೊಡಗಿತು. ಪೇಟೆಗೆ ಹೋಗಿ ಬಂದವನೇ ಎರಡೂ ಹಿಂದಿನ ಡ್ರಮ್ಮಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಬಲಗಡೆ ನೀರು ಸುಮ್ಮನೆ ಇಳಿದು ಹೋಯಿತು, ಎಡಗಡೆ ಚುರ್ ಎಂದಿತು. ಅಂದರೆ ಆ ಬದಿಯ ಬ್ರೇಕ್ ಬಿಡದೆ ಉಜ್ಜಿ ಕಾಯುತ್ತಿದೆ. ಡ್ರಮ್ಮನ್ನು ಕೈಯಲ್ಲಿ ಮುಟ್ಟಿ ನೋಡಬೇಡಿ, ಚರ್ಮ ಸುಟ್ಟೀತು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಹೇಳುವುದು "ಕೇಬಲ್ ಹೋಗಿದೆ, ಹೊಸದು ಹಾಕಿಸು" ಎಂದು. ಎಲ್ಲಿ ಹಿಡಿದಿದೆ ಎಂದು ನೋಡುವ ಮೊದಲು ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು. ಲಿವರ್‌ನಿಂದ ಹೊರಟ ಕೇಬಲ್ ಚಾಸಿಯ ನಡುವಿನ, ಎಳೆತವನ್ನು ಎರಡೂ ಬದಿಗೆ ಹಂಚುವ ಈಕ್ವಲೈಜರ್‌ಗೆ ಬರುತ್ತದೆ, ಅಲ್ಲಿಂದ ಎರಡು ಕವಲಾಗಿ ಒಂದೊಂದು ಡ್ರಮ್ಮಿಗೆ ಹೋಗುತ್ತದೆ. ಡ್ರಮ್ಮಿನೊಳಗೆ ಹಿಂಬದಿಯ ಶೂಗೆ ಪಿನ್ನಿನಲ್ಲಿ ಕೂತ ಒಂದು ಚಿಕ್ಕ ಲಿವರ್ ಇರುತ್ತದೆ. ಕೇಬಲ್ ಅದನ್ನು ಎಳೆದರೆ ನಡುವಿನ ಪಟ್ಟಿ ಎರಡೂ ಶೂಗಳನ್ನು ಹೊರಕ್ಕೆ ತಳ್ಳುತ್ತದೆ. ಜಾಮ್ ಕವಚದೊಳಗಿನ ತಂತಿಯಲ್ಲೂ ಇರಬಹುದು, ಆ ಪಿನ್ನಿನಲ್ಲೂ ಇರಬಹುದು. ಕೂತವನಿಗೆ ಎರಡೂ ಒಂದೇ ಥರ ಕಾಣುತ್ತವೆ.

ಕೆಳಗೆ ನುಗ್ಗುವ ಮೊದಲು ಗಾಡಿ ನಿಲ್ಲಿಸುವ ವಿಷಯ. ಹಿಂಬದಿ ಚಕ್ರಕ್ಕೆ ಶಕ್ತಿ ಹೋಗುವ ಪಿಕಪ್‌ನಲ್ಲಿ ಗೇರಿನ ಹಿಡಿತ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಒಂದು ಹಿಂದಿನ ಚಕ್ರ ಎತ್ತಿದಿರೋ, ಡಿಫರೆನ್ಷಿಯಲ್ ಮೂಲಕ ಅದು ಗಾಳಿಯಲ್ಲಿ ತಿರುಗಿಬಿಡುತ್ತದೆ, ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಗೇರಿನ ಹಿಡಿತ ತಪ್ಪುತ್ತದೆ. ಹ್ಯಾಂಡ್‌ಬ್ರೇಕ್ ಹೇಗೂ ಬಿಟ್ಟಿರುತ್ತೇವೆ. ಆಗ ಗಾಡಿಯನ್ನು ಹಿಡಿದಿರುವುದು ಮುಂದಿನ ಚಕ್ರಗಳಿಗೆ ಕೊಟ್ಟ ಅಡ್ಡಗಟ್ಟೆ ಒಂದೇ. ಆದ್ದರಿಂದ ಸಮತಟ್ಟಾದ ಗಟ್ಟಿ ಅಂಗಳದಲ್ಲಿ ಎರಡೂ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ಬೆಣೆ ಬಡಿದೆ. ನೆಲದಲ್ಲಿರುವಾಗಲೇ ವೀಲ್ ನಟ್ ಸಡಿಲಿಸಿ, ಹಿಂದಿನ ಆಕ್ಸಲ್ ಹೌಸಿಂಗ್ ಕೆಳಗೆ ಜಾಕ್ ಕೊಟ್ಟು ಎತ್ತಿ, ಎರಡೂ ಬದಿಗೆ ಸ್ಟ್ಯಾಂಡ್ ಇಟ್ಟು ಭಾರವನ್ನು ಅದರ ಮೇಲೆ ಇಳಿಸಿದೆ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕುವುದನ್ನು ನಮ್ಮ ಊರಿನಲ್ಲಿ ದಿನವೂ ನೋಡುತ್ತೇನೆ, ನೋಡಿದಾಗಲೆಲ್ಲ ಎದೆ ನಡುಗುತ್ತದೆ.

ತಮ್ಮನನ್ನು ಕ್ಯಾಬಿನ್ನಿನಲ್ಲಿ ಕೂರಿಸಿದೆ. "ಎಳಿ… ಬಿಡು… ಇನ್ನೊಂದ್ಸಲ ಎಳಿ" ಎನ್ನುತ್ತ ಈಕ್ವಲೈಜರ್ ನೋಡುತ್ತ ಮಲಗಿದೆ. ಅವನು ಬಿಟ್ಟಾಗ ಎಡಗಡೆಯ ತಂತಿ ಸಡಿಲವಾಗಿ ಜೋತುಬಿತ್ತು, ಚಕ್ರ ಮಾತ್ರ ಬಿಗಿಯಾಗಿಯೇ ಇತ್ತು. ಜೋತ ತಂತಿಯನ್ನು ಪ್ಲೈಯರ್‌ನಲ್ಲಿ ಹಿಡಿದು ಹಿಂದಕ್ಕೆ ತಳ್ಳಿದರೆ ಕವಚದೊಳಗೆ ಸಲೀಸಾಗಿ ಹೋಯಿತು. ಅಂದರೆ ಎಡಗಡೆ ಕೇಬಲ್ ಚೆನ್ನಾಗಿದೆ, ಹಿಡಿದಿರುವುದು ಡ್ರಮ್ಮಿನ ಒಳಗೆ. ಬಲಗಡೆಯದ್ದು ಇದರ ತದ್ವಿರುದ್ಧ: ಪೂರ್ತಿ ಎಳೆದಾಗಲೂ ಚಕ್ರ ಕೈಯಲ್ಲಿ ತಿರುಗುತ್ತಿತ್ತು, ತಂತಿ ಕವಚದೊಳಗೆ ಅತ್ತಿತ್ತ ಕದಲಲೇ ಇಲ್ಲ. ಆ ಬದಿಗೆ ಎಳೆತವೇ ಮುಟ್ಟುತ್ತಿರಲಿಲ್ಲ. ಒಂದೇ ದೂರಿಗೆ ಎರಡು ಬದಿಯಲ್ಲಿ ಎರಡು ಕಾರಣ. ಬರೀ ಕೇಬಲ್ ಹಾಕಿಸಿಕೊಂಡು ಬಂದಿದ್ದರೆ ಎಡಗಡೆ ಲೈನರ್ ಸುಡುತ್ತಲೇ ಇರುತ್ತಿತ್ತು.

ಎಡಗಡೆ ಡ್ರಮ್ ತೆಗೆಯುವುದೇ ಈ ಕೆಲಸದ ಕಷ್ಟದ ಭಾಗ. ಶೂ ಅಗಲಿಸಿಕೊಂಡು ನಿಂತಿರುತ್ತದೆ, ಸವೆದ ಡ್ರಮ್ಮಿನ ಅಂಚಿನಲ್ಲಿ ಉಳಿದ ತುಕ್ಕಿನ ದಡ ಅದಕ್ಕೆ ಅಡ್ಡ ಬರುತ್ತದೆ. ಮೊದಲು ಡ್ರಮ್ಮಿನ ಹಿಂದಿರುವ ಬ್ಯಾಕ್ ಪ್ಲೇಟಿನ ತೂತಿನ ರಬ್ಬರ್ ಬಿರಡೆ ತೆಗೆದು, ಸ್ಕ್ರೂಡ್ರೈವರ್‌ನಿಂದ ಅಡ್ಜಸ್ಟರ್‌ನ ಹಲ್ಲುಚಕ್ರವನ್ನು ಹಿಂದಕ್ಕೆ ತಿರುಗಿಸಿ ಶೂಗಳನ್ನು ಒಳಕ್ಕೆ ತಂದೆ. ಹಬ್ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಊಟ ಮುಗಿಸಿ ಬಂದೆ. ಆಮೇಲೆ ಹಬ್ ಮತ್ತು ಡ್ರಮ್ ಸೇರುವ ಕಡೆ ಸುತ್ತಲೂ ಸುತ್ತಿಗೆಯಿಂದ ಸಣ್ಣಗೆ ಬಡಿದೆ. ಅನೇಕ ಡ್ರಮ್ಮುಗಳ ಮುಖದಲ್ಲಿ ಮರೆ (ಥ್ರೆಡ್) ಕೊರೆದ ಎರಡು ತೂತುಗಳಿರುತ್ತವೆ. ಅವಕ್ಕೆ ಸರಿಯಾದ ಬೋಲ್ಟ್ ಹಾಕಿ ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು ಎಂದು ಬಿಗಿಸುತ್ತ ಹೋದರೆ ಡ್ರಮ್ ತಾನಾಗಿ ಎದ್ದು ಬರುತ್ತದೆ. ಶೂ ಸಡಿಲಿಸದೆ ಬೋಲ್ಟ್ ಬಿಗಿಸಿದರೆ ಶೂ ಹಿಡಿದಿಡುವ ಪಿನ್ನುಗಳು ಕಿತ್ತುಬರುತ್ತವೆ. ಅಂಚಿಗೆ ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಎರಕದ ಕಬ್ಬಿಣ ಸೀಳುತ್ತದೆ.

ಒಳಗಿನ ಕಪ್ಪು ಪುಡಿಯನ್ನು ಊದಬೇಡಿ, ಪಂಪಿನಿಂದ ಗಾಳಿಯನ್ನೂ ಹೊಡೆಯಬೇಡಿ. ಲೈನರ್ ಪುಡಿಯಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಮಾಸ್ಕ್ ಕಟ್ಟಿ, ಸೋಪು ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿಹಾಕಿದೆ. ಡ್ರಮ್ ಬಿಚ್ಚಿರುವಷ್ಟು ಹೊತ್ತು ಬ್ರೇಕ್ ಪೆಡಲ್ ಹತ್ತಿರ ಯಾರೂ ಕಾಲು ಇಡಬಾರದು, ಒತ್ತಿದರೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಬಾಗಿಲು ಲಾಕ್ ಮಾಡಿ.

ಸ್ಪ್ರಿಂಗ್ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದೆ. ಎರಡೂ ಬದಿ ಒಟ್ಟಿಗೆ ಬಿಚ್ಚದಿರುವುದು ಇನ್ನೂ ಒಳ್ಳೆಯದು, ಅನುಮಾನ ಬಂದಾಗ ಆ ಕಡೆ ನೋಡಿ ಜೋಡಿಸಬಹುದು, ಎಡ ಬಲ ತಿರುಗುಮುರುಗು ಎಂಬುದೊಂದು ನೆನಪಿದ್ದರೆ ಸಾಕು. ಶೂ ಕೈಗೆ ಬಂದ ಮೇಲೆ ಕೇಬಲ್ಲಿನ ತುದಿಯನ್ನು ಲಿವರ್‌ನಿಂದ ಕಳಚಿ ಎರಡನ್ನೂ ಬೇರೆ ಬೇರೆ ಆಡಿಸಿದೆ. ತಂತಿ ಸಲೀಸು. ಲಿವರ್ ಮಾತ್ರ ಶೂಗೆ ಬೆಸುಗೆ ಹಾಕಿದಂತೆ ಕೂತಿತ್ತು. ವೈಸಿನಲ್ಲಿ ಶೂ ಹಿಡಿಸಿ, ಪಿನ್ನಿಗೆ ಎಣ್ಣೆ ಬಿಡುತ್ತ, ಕೂದಲೆಳೆಯಷ್ಟು ಅತ್ತ ಇತ್ತ ಆಡಿಸುತ್ತ ಹೋದೆ. ಕೆಂಪು ಪುಡಿ ಕಾರಿಕೊಂಡು ಸಂಜೆಯ ಹೊತ್ತಿಗೆ ಬೆರಳಲ್ಲೇ ಆಡತೊಡಗಿತು. ಕ್ಲಿಪ್ ತೆಗೆದು ಪಿನ್ನನ್ನೂ ತೂತನ್ನೂ ಎಮರಿ ಪೇಪರ್‌ನಲ್ಲಿ ಉಜ್ಜಿ, ಬಿಸಿ ತಡೆಯುವ ಗ್ರೀಸ್ ತೆಳ್ಳಗೆ ಸವರಿ ಜೋಡಿಸಿದೆ. ಬ್ಯಾಕ್ ಪ್ಲೇಟಿನ ಮೇಲೆ ಶೂ ಉಜ್ಜುವ ಉಬ್ಬುಗಳಿಗೂ ಅಷ್ಟೇ ತೆಳ್ಳಗೆ. ಲೈನರ್‌ಗೆ ಒಂದು ಹನಿ ಎಣ್ಣೆಯೂ ತಾಗಬಾರದು, ಎಣ್ಣೆ ಕುಡಿದ ಲೈನರನ್ನು ಬದಲಿಸುವುದೇ ಸರಿ. ಲೈನರ್ ದಪ್ಪ ಸಾಕಷ್ಟಿತ್ತು. ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿದೆ, ಒಳಗೆ ಒಣಗಿತ್ತು. ಅಲ್ಲಿ ಬ್ರೇಕ್ ಆಯಿಲ್ ಜಿನುಗುತ್ತಿದ್ದರೆ ಅದನ್ನು ಸರಿಮಾಡದೆ ಮುಂದೆ ಹೋಗುವಂತಿಲ್ಲ.

ಬಲಗಡೆಯ ಕೇಬಲ್ ಸೈಕಲ್ಲಿನ ಬ್ರೇಕ್ ವೈರಿನ ದೊಡ್ಡ ರೂಪ ಅಷ್ಟೇ. ತುದಿಯ ರಬ್ಬರ್ ಹರಿದು ನೀರು ಇಳಿದು, ಕೇಬಲ್ ಬಾಗಿ ತಗ್ಗಾದ ಕಡೆ ನಿಂತಿತ್ತು. ಇಂಥದ್ದಕ್ಕೆ ಎಣ್ಣೆ ಕುಡಿಸಿ ಎಳೆದಾಡಿ ಬಿಡಿಸುವವರಿದ್ದಾರೆ. ಒಳಗೆ ತುಕ್ಕು ಹತ್ತಿದ ಕೇಬಲ್ ಮತ್ತೆ ಹಿಡಿದೇ ಹಿಡಿಯುತ್ತದೆ, ಅದೂ ಇಳಿಜಾರಿನಲ್ಲಿ ಬೇಕಾದ ಹೊತ್ತಿಗೆ. ಹೊಸದೇ ಹಾಕಿದೆ. ಬ್ಯಾಕ್ ಪ್ಲೇಟಿನಲ್ಲಿ ಕವಚದ ತುದಿಯನ್ನು ಸುತ್ತಲಿನ ಸ್ಪ್ರಿಂಗ್ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಒಂದನ್ನು ಒತ್ತಿದರೆ ಇನ್ನೊಂದು ಅಗಲುತ್ತದೆ. ಸರಿಹೊಂದುವ ರಿಂಗ್ ಪಾನವನ್ನು (ಸ್ಪ್ಯಾನರ್) ಅವುಗಳ ಮೇಲೆ ತೂರಿಸಿದರೆ ಎಲ್ಲವೂ ಒಟ್ಟಿಗೆ ಮಡಿಚಿಕೊಂಡು ಕೇಬಲ್ ಹೊರಬರುತ್ತದೆ. ಈ ಉಪಾಯ ಗೊತ್ತಿಲ್ಲದೆ ಇದ್ದರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ. ಹಳೆಯದನ್ನೂ ಹೊಸದನ್ನೂ ನೆಲದ ಮೇಲೆ ಪಕ್ಕಪಕ್ಕ ಮಲಗಿಸಿ ಉದ್ದ ನೋಡಿ, ಎಡ ಬಲದ ಉದ್ದ ಬೇರೆಯಿರಬಹುದು. ಮೊದಲಿದ್ದ ದಾರಿಯಲ್ಲೇ, ಎಲ್ಲಾ ಕ್ಲ್ಯಾಂಪುಗಳನ್ನೂ ಹಾಕಿ, ಸೈಲೆನ್ಸರ್ ಪೈಪಿಗೂ ಕಮಾನ್ ಪಟ್ಟಿಗೂ ತಾಗದಂತೆ ಒಯ್ಯಬೇಕು.

ಇನ್ನು ಅಡ್ಜಸ್ಟ್ ಮಾಡುವ ಕ್ರಮ. ಕೇಬಲ್ಲಿನ ನಟ್ ಪೂರ್ತಿ ಸಡಿಲಿಸಿಡಿ. ಎರಡೂ ಡ್ರಮ್ ಹಾಕಿ, ಪೆಡಲ್ ನಾಲ್ಕಾರು ಸಲ ಒತ್ತಿ ಶೂಗಳನ್ನು ನಡುವಿಗೆ ತನ್ನಿ. ಹಲ್ಲುಚಕ್ರದಿಂದ ಶೂ ಸಣ್ಣಗೆ ಉಜ್ಜುವವರೆಗೆ ಬಿಗಿಸಿ, ಉಜ್ಜುವುದು ನಿಲ್ಲುವಷ್ಟು ಹಿಂದಕ್ಕೆ ಬಿಡಿ. ಕೇಬಲ್ಲಿನ ಸರದಿ ಅದಾದ ಮೇಲೆ. ಮೊದಲೇ ಕೇಬಲ್ ಬಿಗಿಸಿದರೆ ಒಳಗಿನ ಲಿವರ್ ಅರ್ಧ ಎದ್ದೇ ನಿಂತು ಶೂ ಮತ್ತೆ ಉಜ್ಜುತ್ತದೆ, ಲೈನರ್ ಸವೆದಂತೆ ತಾನೇ ಬಿಗಿಸಿಕೊಳ್ಳುವ ಆಟೋ ಅಡ್ಜಸ್ಟರ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಕ್ಯಾಬಿನ್ನಿನ ಲಿವರ್ ಎಷ್ಟು ಹಲ್ಲಿಗೆ (ಎಳೆಯುವಾಗ ಕೇಳುವ 'ಟಕ್' ಸದ್ದು) ಹಿಡಿಯಬೇಕು ಎಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ, ಅದರಂತೆಯೇ ನಟ್ ಬಿಗಿಸಿದೆ. ಪೂರ್ತಿ ಬಿಟ್ಟಾಗ ಎರಡೂ ಚಕ್ರ ಸ್ವತಂತ್ರವಾಗಿ ತಿರುಗಬೇಕು, ಎಳೆದಾಗ ಎರಡೂ ಒಟ್ಟಿಗೆ ಹಿಡಿಯಬೇಕು.

ತೋಟದ ಏರಿನಲ್ಲಿ ಗೊಬ್ಬರದ ಲೋಡಿನೊಂದಿಗೆ ನಿಲ್ಲಿಸಿ ನೋಡಿದೆ. ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ನ್ಯೂಟ್ರಲ್ ಮಾಡಿ, ಪೆಡಲ್‌ನಿಂದ ಕಾಲನ್ನು ನಿಧಾನಕ್ಕೆ ತೆಗೆದೆ. ಗಾಡಿ ಅಲುಗಲಿಲ್ಲ. ಇಳಿದು ಬಂದು ನೀರು ಚಿಮುಕಿಸಿದರೆ ಎರಡು ಡ್ರಮ್ಮೂ ಒಂದೇ ಥರ ಬೆಚ್ಚಗಿದ್ದವು. ವೀಲ್ ನಟ್‌ಗಳನ್ನು ಒಂದು ಸುತ್ತು ಓಡಿಸಿ ಬಂದ ಮೇಲೆ ಮತ್ತೊಮ್ಮೆ ಬಿಗಿಸಬೇಕು. ಡ್ರಮ್ ತೆಗೆದು ಹಾಕಿದ ಚಕ್ರದಲ್ಲಿ ಅವು ಕೂತುಕೊಂಡು ಸ್ವಲ್ಪ ಸಡಿಲವಾಗುತ್ತವೆ.