ಅಂಗಡಿಯ ಫೈಲುಗಳನ್ನು ಗೂಗಲ್ ಡ್ರೈವ್‌ಗೆ ಹಾಕುವುದು ಹೇಗೆ?

ಗದಗದ ಪ್ರಿಂಟಿಂಗ್ ಪ್ರೆಸ್ ಇರಲಿ, ಹುಬ್ಬಳ್ಳಿಯ ಡಿಟಿಪಿ ಅಂಗಡಿ ಇರಲಿ, ವರ್ಷಗಟ್ಟಲೆ ಕೂತು ಮಾಡಿದ ಲಗ್ನಪತ್ರಿಕೆ, ಬಿಲ್‌ಬುಕ್, ಜಾತ್ರೆಯ ಕರಪತ್ರ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ಬಿದ್ದಿರುತ್ತವೆ. ಹಾರ್ಡ್‌ಡಿಸ್ಕ್ ಕೆಟ್ಟರೆ ಮುಗಿಯಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗಲಂತೂ ಈ ಭಯ ಜಾಸ್ತಿ. ಅದಕ್ಕೇ ಎಲ್ಲದರ ಒಂದು ಪ್ರತಿಯನ್ನು ಗೂಗಲ್ ಡ್ರೈವ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಫೈಲು ಇಡಲು ಗೂಗಲ್ ಕೊಡುವ ಜಾಗದಲ್ಲಿ, ಇಟ್ಟುಕೊಳ್ಳಿ.

ಮೊದಲು ಜಾಗ ನೋಡಿಕೊಳ್ಳಿ. ಗೂಗಲ್ ಖಾತೆಗೆ 15 ಜಿಬಿ ಉಚಿತ, ಆದರೆ ಜಿಮೇಲ್ ಮತ್ತು ಫೋಟೋಸ್ ಕೂಡ ಇದನ್ನೇ ತಿನ್ನುತ್ತವೆ. ಹಾಗಾಗಿ ಅಂಗಡಿಗೆ ಬೇರೆ ಖಾತೆ ಮಾಡಿ. ಟೂ-ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಪರಿಶೀಲನೆ) ಆನ್ ಮಾಡಿ, ಫೋನ್ ಕೈಯಲ್ಲಿ ಇಲ್ಲದಾಗ ಲಾಗಿನ್ ಆಗಲು ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ.

ಆಮೇಲೆ ಕಂಪ್ಯೂಟರಿನಲ್ಲಿ 'ಡ್ರೈವ್ ಫಾರ್ ಡೆಸ್ಕ್‌ಟಾಪ್' ಎಂಬ ಗೂಗಲ್‌ನ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ, ಲಾಗಿನ್ ಆಗಿ, ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಕೆಲಸದ ಫೋಲ್ಡರ್ ಸೇರಿಸಿ. ಮೊದಲ ಸಲ ಅಪ್‌ಲೋಡ್ ಆಗಲು ಹೊತ್ತು ಹಿಡಿಯುತ್ತದೆ, ರಾತ್ರಿ ಬಿಟ್ಟು ಹೋಗಿ.

ಇಲ್ಲೇ ಬಹಳ ಜನ ತಪ್ಪು ತಿಳಿಯುವುದು. ಇದು ಸಿಂಕ್. ಅಂದರೆ ಕಂಪ್ಯೂಟರಿನಲ್ಲಿ ಆ ಫೋಲ್ಡರಿನ ಫೈಲು ಅಳಿಸಿದರೆ ಡ್ರೈವ್‌ನಲ್ಲೂ ಅಳಿಯುತ್ತದೆ. ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಅಷ್ಟರೊಳಗೆ ನೋಡದಿದ್ದರೆ ಕಾಯಂ ಹೋಗುತ್ತದೆ. ವೈರಸ್ ಬಂದು ಫೈಲು ಕೆಡಿಸಿದರೂ ಕೆಟ್ಟ ಪ್ರತಿಯೇ ಮೇಲೆ ಹೋಗಿ ಕೂರುತ್ತದೆ. ಅದಕ್ಕೇ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೂಡ ಇರಲೇಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ವಾರಕ್ಕೊಮ್ಮೆ ಕಾಪಿ ಮಾಡಿ, ಕೇಬಲ್ ತೆಗೆದು, ಮನೆಯಲ್ಲಿಡಿ.

ಗಿರಾಕಿಗೆ ಪ್ರೂಫ್ (ಅಚ್ಚಿಗೆ ಮುಂಚೆ ನೋಡಿ ಒಪ್ಪಬೇಕಾದ ಪ್ರತಿ) ಕಳಿಸುವುದು ಸುಲಭ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಶೇರ್ ಒತ್ತಿ, ಅವರ ಇಮೇಲ್ ಹಾಕಿ, 'ವ್ಯೂವರ್' ಆಯ್ಕೆ ಮಾಡಿ. 'ಎಡಿಟರ್' ಕೊಟ್ಟರೆ ಅವರು ಫೈಲು ಬದಲಿಸಲೂಬಹುದು, ಅದು ಬೇಡ. ಇಮೇಲ್ ಇಲ್ಲದವರಿಗೆ 'ಎನಿವನ್ ವಿತ್ ದ ಲಿಂಕ್' ಮಾಡಿ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ. ಆ ಲಿಂಕ್ ಸಿಕ್ಕ ಯಾರು ಬೇಕಾದರೂ ಫೈಲು ತೆಗೆಯಬಹುದು ಅಲ್ವಾ, ಆದ್ದರಿಂದ ಕೆಲಸ ಮುಗಿದ ಮೇಲೆ ಮತ್ತೆ 'ರಿಸ್ಟ್ರಿಕ್ಟೆಡ್' ಮಾಡಿ. ಜನ ಜೆರಾಕ್ಸ್‌ಗೆ ಕೊಟ್ಟ ಆಧಾರ್ ಪ್ರತಿಗಳನ್ನು ಹೀಗೆ ಹಂಚಲೇಬೇಡಿ.

ಕನ್ನಡದ ಕೆಲಸದಲ್ಲಿ ಇನ್ನೊಂದು ತೊಡಕಿದೆ. 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ನಲ್ಲಿ ಮಾಡಿದ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲಾಗದ ಗುರುತುಗಳಾಗಿ ಕಾಣುತ್ತದೆ. ಪ್ರೂಫ್ ಅನ್ನು ಪಿಡಿಎಫ್ ಮಾಡಿಯೇ ಕಳಿಸಿ. ಮೂಲ ಫೈಲಿನ ಜೊತೆ ಅದರ ಫಾಂಟ್‌ಗಳನ್ನೂ ಅದೇ ಫೋಲ್ಡರಿನಲ್ಲಿಡಿ. ಆಗಾಗ ಬೇರೊಂದು ಕಂಪ್ಯೂಟರಿನಲ್ಲಿ ಒಂದು ಹಳೆಯ ಫೈಲು ಇಳಿಸಿ, ಸರಿಯಾಗಿ ತೆರೆಯುತ್ತದಾ ನೋಡಿ.