132 ಹೊಲಿಗೆಯ ಟೋಪಿ

ನಮಾಜಿನ ಟೋಪಿ ಹೆಣೆಯೋಕೆ ಬೇಕಾದ್ದು ತುದಿಯಲ್ಲಿ ಕೊಕ್ಕೆ ಇರುವ ಒಂದು ಕ್ರೋಶಾ ಕಡ್ಡಿ, ಒಂದೆರಡು ಉಂಡೆ ದಾರ. ಕೆಡೋಕೆ ಮಾತ್ರ ಹತ್ತು ದಾರಿ. ರಂಜಾನ್ ಹತ್ತಿರ ಬಂದಾಗ ಮೀನಾ ಬಜಾರಿನಲ್ಲಿ ರಾಶಿ ಹಾಕಿ ಮಾರುವ ಜಾಲಿ ಟೋಪಿಗಳನ್ನೂ ಕ್ರೋಶಾ ಅಂತಲೇ ಕರೀತಾರೆ; ಅವುಗಳಲ್ಲಿ ಹೆಚ್ಚಿನವು ಯಂತ್ರದ ಹೆಣಿಗೆ. ಕಾರ್ಖಾನೆಯಲ್ಲಿ ನಿಜವಾದ ಕ್ರೋಶಾ ಹಾಕುವ ಯಂತ್ರ ಇಲ್ಲ. ಕೈಯಲ್ಲಿ ಹೆಣೆದದ್ದನ್ನು ಗುರುತಿಸೋದು ಸುಲಭ. ನೆತ್ತಿಯ ನಡುವೆ ಒಂದು ಪುಟ್ಟ ಉಂಗುರ ಇರುತ್ತೆ, ಅಲ್ಲಿಂದ ಸುತ್ತು ಸುತ್ತಾಗಿ ಹೊರಗೆ ಬೆಳೆದಿರುತ್ತೆ. ಎಲ್ಲೂ ಹೊಲಿದ ಜೋಡಣೆ ಇರಲ್ಲ.

ದಾರದ ಮಾತು ಮೊದಲು. ಫ್ಯಾನ್ಸಿ ಸ್ಟೋರಿನಲ್ಲಿ ಉಲ್ಲನ್ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರೋದು ಅಕ್ರಿಲಿಕ್. ಬಣ್ಣ ಚೆಂದ, ಬೆಲೆ ಕಮ್ಮಿ, ಆದರೆ ಬೆವರು ಹೀರಲ್ಲ. ಏಪ್ರಿಲ್‌ನ ಜುಮ್ಮಾ ಮಧ್ಯಾಹ್ನ ಅಂಥ ಟೋಪಿ ಹಾಕಿಕೊಂಡು ಬಂದವರ ಹಣೆ ನೋಡಿದರೆ ಗೊತ್ತಾಗುತ್ತೆ. ಮೈಸೂರಿನ ಹವೆಗೆ ಹತ್ತಿಯೇ ಸರಿ. ನಾನು ತಗೊಳ್ಳೋದು ಮರ್ಸರೈಸ್ ಮಾಡಿದ (ಕ್ಷಾರದಲ್ಲಿ ಹದ ಮಾಡಿದ) 4 ಪ್ಲೈ ಹತ್ತಿ ದಾರ. ಅದಕ್ಕೊಂದು ಹೊಳಪಿರುತ್ತೆ, ಜುಂಗು ಏಳಲ್ಲ. ದೊಡ್ಡವರ ಟೋಪಿಗೆ ನನ್ನ ಕೈಗೆ 45ರಿಂದ 50 ಗ್ರಾಂ ಹಿಡಿಯುತ್ತೆ. ಸಾಲಲಿಲ್ಲ ಅಂತ ಆಮೇಲೆ ಹೋಗಿ ಇನ್ನೊಂದು ಉಂಡೆ ತರುವ ಬದಲು ಮೊದಲೇ ಒಂದೇ ಲಾಟ್ ನಂಬರಿನ (ಒಟ್ಟಿಗೆ ಬಣ್ಣ ಹಾಕಿದ) ಎರಡು ಉಂಡೆ ತಗೊಳ್ಳಿ, ನಂಬರ್ ಲೇಬಲ್ ಮೇಲಿರುತ್ತೆ. ಬಿಳಿಗೆ ಲಾಟ್ ನೋಡೋದು ಬೇಡ ಅನ್ನೋರಿದ್ದಾರೆ. ಬಿಸಿಲಿಗೆ ಹಿಡಿದು ನೋಡಿ, ಬಿಳಿಯಲ್ಲೂ ನಾಲ್ಕು ಥರ ಬಿಳಿ ಇರುತ್ತೆ.

ಮರೂನ್, ಕಡು ಹಸಿರು, ಕಪ್ಪು ದಾರವನ್ನು ಬಿಳಿ ಜೊತೆ ಹೆಣೆಯೋದಾದರೆ ಮೊದಲು ಒಂದು ಗೇಣು ದಾರ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿಟ್ಟು ಒತ್ತಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ಜೋಡಿ ಬಿಟ್ಟುಬಿಡಿ. ಉಪ್ಪು ನೀರಲ್ಲಿ ನೆನೆಸಿದರೆ ನಿಲ್ಲುತ್ತೆ ಅನ್ನೋ ಉಪದೇಶ ಎಲ್ಲ ಕಡೆ ಸಿಗುತ್ತೆ, ನಂಬಬೇಡಿ.

ಕಡ್ಡಿ 2.5 ಮಿ.ಮೀ., ಸ್ಟೀಲಿನದ್ದು. ಅಲ್ಯೂಮಿನಿಯಂ ಕಡ್ಡಿ ಹಗುರ, ನಿಜ. ಆದರೆ ಬೆವರಿದ ಕೈಯಲ್ಲಿ ಅದು ಬೂದು ಬಣ್ಣ ಬಿಡುತ್ತೆ, ಬಿಳಿ ದಾರದ ಮೇಲೆ ಆ ಬೂದು ಸಣ್ಣಗೆ ಕೂರುತ್ತೆ. ವುಜೂ ಮಾಡಿ (ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆದು) ಬಂದ ಕೈಯನ್ನು ಪೂರ್ತಿ ಒರೆಸಿಕೊಳ್ಳದೆ ಕಡ್ಡಿ ಹಿಡಿದರೂ ಅದೇ ಕತೆ.

ಹೊಸಬರ ಟೋಪಿ ಹೆಚ್ಚಾಗಿ ಕೆಡೋದು ಹೆಸರಿನಿಂದ. ಬ್ರಿಟಿಷರ ಪುಸ್ತಕದ ಡಬಲ್ ಕ್ರೋಶಾ, ಅಮೆರಿಕದವರ ಸಿಂಗಲ್ ಕ್ರೋಶಾ. ಬ್ರಿಟಿಷರ ಟ್ರೆಬಲ್, ಅಮೆರಿಕದವರ ಡಬಲ್. ಅಮ್ಮಂದಿರ ಕಾಲದ ಹಳೇ ಪುಸ್ತಕಗಳು ಹೆಚ್ಚಾಗಿ ಬ್ರಿಟಿಷ್ ಹೆಸರು ಬಳಸುತ್ತವೆ, ಯೂಟ್ಯೂಬ್‌ನಲ್ಲಿ ಹೆಚ್ಚಿನವರು ಅಮೆರಿಕದ ಹೆಸರು ಹೇಳ್ತಾರೆ. ಅರ್ಧ ಅಲ್ಲಿ, ಅರ್ಧ ಇಲ್ಲಿ ಕಲಿತವರ ಟೋಪಿ ಲೋಟದ ಮುಚ್ಚಳದಷ್ಟೇ ಆಗಿ ನಿಂತುಬಿಡುತ್ತೆ. ಆದ್ದರಿಂದ ಹೆಸರು ಬಿಟ್ಟು ಕೈಕೆಲಸ ನೋಡಿ: ಕಡ್ಡಿಗೆ ಒಂದು ಸುತ್ತು ದಾರ ಹಾಕಿ, ಚುಚ್ಚಿ, ದಾರ ಎಳೆದಾಗ ಕಡ್ಡಿ ಮೇಲೆ ಮೂರು ಕುಣಿಕೆ ಇರಬೇಕು. ಎರಡೆರಡು ಕುಣಿಕೆಯಾಗಿ ಎರಡು ಸಲ ಬಿಡಿಸಿದರೆ ಒಂದು ಹೊಲಿಗೆ. ಇದನ್ನು ನಾನಿಲ್ಲಿ ಡಬಲ್ ಅಂತೀನಿ. ಸುತ್ತು ಹಾಕದೆ ಚುಚ್ಚಿ ಎಳೆದು ಎರಡೂ ಕುಣಿಕೆ ಒಟ್ಟಿಗೆ ಬಿಡಿಸಿದರೆ ಸಿಂಗಲ್.

ಈಗ ನೆತ್ತಿ. ದಾರವನ್ನು ಬೆರಳಿಗೆ ಸುತ್ತಿ ಮಾಡುವ ಮ್ಯಾಜಿಕ್ ರಿಂಗ್ ಚೆಂದವೇ. ಆದರೆ ಮರ್ಸರೈಸ್ ದಾರ ಜಾರುತ್ತೆ, ನಾಲ್ಕು ಸಲ ಒಗೆಯೋಷ್ಟರಲ್ಲಿ ನಡು ಬಿಚ್ಚಿಕೊಳ್ಳೋಕೆ ಶುರುವಾಗುತ್ತೆ. ನಾಲ್ಕು ಚೈನ್ (ಕುಣಿಕೆಯೊಳಗಿಂದ ದಾರ ಎಳೆದು ಮಾಡುವ ಸರಪಳಿ) ಹಾಕಿ ಸ್ಲಿಪ್ ಸ್ಟಿಚ್‌ನಿಂದ (ಚುಚ್ಚಿ, ಎಳೆದ ದಾರವನ್ನು ಕಡ್ಡಿ ಮೇಲಿನ ಕುಣಿಕೆಯೊಳಗಿಂದಲೂ ಒಟ್ಟಿಗೇ ಎಳೆಯೋದು) ಉಂಗುರ ಮಾಡೋದು ಗಟ್ಟಿ. ನಡುವೆ ಉಳಿಯುವ ಸಣ್ಣ ತೂತು ಗಾಳಿಗಾಯಿತು. ಮೂರು ಚೈನ್ ಏರಿಸಿ (ಅದೇ ಮೊದಲ ಡಬಲ್ ಅಂತ ಲೆಕ್ಕ), ಉಂಗುರದೊಳಗೆ 11 ಡಬಲ್ ಹಾಕಿ, ಮೂರನೇ ಚೈನಿಗೆ ಸ್ಲಿಪ್ ಸ್ಟಿಚ್. ಒಟ್ಟು 12. ಎರಡನೇ ಸುತ್ತಿನಲ್ಲಿ ಪ್ರತಿ ಹೊಲಿಗೆಗೆ ಎರಡು, 24. ಮೂರನೆಯದರಲ್ಲಿ ಒಂದು ಒಂಟಿ (ಒಂದು ಹೊಲಿಗೆಗೆ ಒಂದೇ ಡಬಲ್), ಒಂದು ಜೋಡಿ (ಒಂದೇ ಹೊಲಿಗೆಗೆ ಎರಡು ಡಬಲ್), 36. ನಾಲ್ಕನೆಯದರಲ್ಲಿ ಎರಡು ಒಂಟಿಗೆ ಒಂದು ಜೋಡಿ, 48. ಹೀಗೆ ಸುತ್ತಿಗೆ 12 ಸೇರುತ್ತಾ ಹೋಗುತ್ತೆ. ಹನ್ನೊಂದನೇ ಸುತ್ತಿಗೆ 132.

ನಾಲ್ಕನೇ ಸುತ್ತು ಮುಗಿದಾಗ ನಿಲ್ಲಿಸಿ, ಮೇಜಿನ ಮೇಲಿಟ್ಟು ಅಳೆಯಿರಿ. ಅಡ್ಡಗಲ ಸುಮಾರು 6.5 ಸೆಂ.ಮೀ. ಇರಬೇಕು. 6ಕ್ಕಿಂತ ಕಮ್ಮಿ ಬಂದರೆ ನಿಮ್ಮ ಕೈ ಬಿಗಿ, 2.75 ಅಥವಾ 3ರ ಕಡ್ಡಿ ಹಿಡಿಯಿರಿ. 7 ದಾಟಿದರೆ ಸಡಿಲ, 2.25ಕ್ಕೆ ಇಳಿಯಿರಿ. ಬೇಕಂತಲೇ ಬಿಗಿಯಾಗಿ ಹೆಣೀತೀನಿ ಅಂತ ಹೊರಟರೆ ಹತ್ತು ನಿಮಿಷ ನೆನಪಿರುತ್ತೆ, ಆಮೇಲೆ ಕೈ ತನ್ನ ಅಳತೆಗೇ ಬರುತ್ತೆ. ಬದಲಾಯಿಸಬೇಕಾದ್ದು ಕಡ್ಡಿಯನ್ನು. ಬಿಚ್ಚೋದಿದ್ದರೂ ಇಲ್ಲೇ ಬಿಚ್ಚಿ, ಇಲ್ಲಿ ಹೋಗೋದು 120 ಹೊಲಿಗೆ ಅಷ್ಟೇ. ಹನ್ನೊಂದನೇ ಸುತ್ತಿಗೆ ಬಂದು ಬಿಚ್ಚಿದರೆ 792.

ಬಟ್ಟಲಿನ ಹಾಗೆ ಮೇಲೆದ್ದರೆ ಹೊಲಿಗೆ ಕಮ್ಮಿಯಾಗಿವೆ. ಹೂವಿನೆಸಳಿನ ಹಾಗೆ ನಿರಿಗೆ ಬಿದ್ದರೆ ಹೆಚ್ಚಾಗಿವೆ. ಹೆಚ್ಚಾಗೋದು ಬಹುಪಾಲು ಒಂದೇ ಜಾಗದಲ್ಲಿ, ಸುತ್ತು ಮುಗಿಯುವ ಕಡೆ. ಹಿಂದಿನ ಸುತ್ತಿನ ಸ್ಲಿಪ್ ಸ್ಟಿಚ್ ಕೂಡ ಮೇಲಿಂದ ನೋಡಿದರೆ ಹೊಲಿಗೆಯ ಹಾಗೇ ಕಾಣುತ್ತೆ, ಸ್ವಲ್ಪ ಚಪ್ಪಟೆ, ಸ್ವಲ್ಪ ಬಿಗಿ. ಕಡ್ಡಿ ಅದರೊಳಗೂ ಹೋಗುತ್ತೆ, ಕಣ್ಣೂ ಒಪ್ಪುತ್ತೆ, ಸುತ್ತಿಗೊಂದು ಸೇರುತ್ತೆ. ಕಮ್ಮಿಯಾಗೋದೂ ಅಲ್ಲೇ: ಮೂರು ಚೈನ್ ಒಂದು ಹೊಲಿಗೆ ಅನ್ನೋದು ಮರೆತು ಅದರ ತಲೆಯನ್ನು ಹಾರಿಸಿಬಿಡೋದು. ಆ ಮೂರನೇ ಚೈನಿಗೆ ಬಣ್ಣದ ದಾರದ ತುಂಡು ಸಿಕ್ಕಿಸಿಡಿ. ಎರಡೂ ತಪ್ಪಿಗೆ ಅದೊಂದೇ ಮದ್ದು.

ಜೋಡಿ ಹೊಲಿಗೆ ಪ್ರತಿ ಸುತ್ತಲ್ಲೂ ಹಿಂದಿನ ಜೋಡಿಯ ಮೇಲೇ ಬಿದ್ದರೆ ನೆತ್ತಿ ದುಂಡಗಾಗಲ್ಲ, ಹನ್ನೆರಡು ಮೂಲೆ ಮೂಡುತ್ತೆ. ಆರನೇ ಸುತ್ತಿನಿಂದ ಜೋಡಿಯನ್ನು ಒಂಟಿ ಹೊಲಿಗೆಗಳ ನಡುವೆ ಸರಿಸಿ. ಆರನೆಯದರಲ್ಲಿ ಎರಡು ಒಂಟಿ, ಜೋಡಿ, ಎರಡು ಒಂಟಿ. ಏಳನೆಯದು ಎಂದಿನಂತೆ, ಎಂಟನೆಯದರಲ್ಲಿ ಮತ್ತೆ ನಡುವೆ.

132 ಹೊಲಿಗೆ ಅಂದರೆ ನನ್ನ ಕೈಯಳತೆಗೆ ಸುಮಾರು 53 ಸೆಂ.ಮೀ. ಸುತ್ತಳತೆ, 56ರ ತಲೆಗೆ ಹಿಡಿದಂತೆ ಕೂರುತ್ತೆ. ಹತ್ತಿ ದಾರ ಹಿಗ್ಗುತ್ತೆ, ಉಣ್ಣೆಯ ಹಾಗೆ ವಾಪಸ್ ಬರಲ್ಲ. ಅದಕ್ಕೇ ತಲೆಯ ಅಳತೆಯಲ್ಲಿ 3 ಸೆಂ.ಮೀ. ಕಳೆಯಬೇಕು. ಐದಾರು ವರ್ಷದ ಹುಡುಗನಿಗೆ ಹತ್ತನೇ ಸುತ್ತಿಗೇ, 120ಕ್ಕೇ ನಿಲ್ಲಿಸಿ. ಟೇಪು ಇಲ್ಲದಿದ್ದರೆ ದಾರವನ್ನೇ ಹಣೆಯ ಮೇಲಿಂದ ಕಿವಿಯ ಮೇಲ್ಗಡೆಯಾಗಿ ಸುತ್ತಿ ಗುರುತು ಮಾಡಿಕೊಳ್ಳಬಹುದು.

ಗೋಡೆಯ, ಅಂದರೆ ತಲೆಯ ಸುತ್ತ ಕೆಳಗಿಳಿಯುವ ಭಾಗದ, ಮೊದಲ ಸುತ್ತನ್ನು ಹೊಲಿಗೆಯ ಹಿಂದಿನ ಎಳೆಗೆ ಮಾತ್ರ ಚುಚ್ಚಿ ಹೆಣೆಯಿರಿ, ನೆತ್ತಿಗೂ ಗೋಡೆಗೂ ನಡುವೆ ಗೆರೆ ಎಳೆದ ಹಾಗೆ ಅಂಚು ಬರುತ್ತೆ. ಆಮೇಲೆ ಹೆಚ್ಚಿಸೋದಿಲ್ಲ, ಒಟ್ಟು ಏಳು ಸುತ್ತು, ಸುಮಾರು 6 ಸೆಂ.ಮೀ. ಜಾಲಿ ಬೇಕಾದವರು ಮೂರು, ನಾಲ್ಕು, ಐದನೇ ಸುತ್ತಿನಲ್ಲಿ ಹಾಕಬಹುದು: ಒಂದು ಡಬಲ್, ಒಂದು ಚೈನ್, ಕೆಳಗಿನ ಒಂದನ್ನು ಬಿಟ್ಟು ಮತ್ತೆ ಡಬಲ್. 66 ಕಿಂಡಿ ಸರಿಯಾಗಿ ಬರುತ್ತೆ. ಈ 132 ನನಗಿಷ್ಟವಾಗೋದು ಇಲ್ಲೇ. 2, 3, 4, 6, 11, 12 ಯಾವುದರಿಂದ ಭಾಗಿಸಿದರೂ ಶೇಷ ಉಳಿಯಲ್ಲ, ಯಾವ ನಮೂನೆ ಹಾಕಿದರೂ ಕೊನೆಯಲ್ಲಿ ಅರ್ಧ ಹೂವು ಉಳಿದು ಅಳಿಸಲ್ಲ. ಕೊನೆಯ ಎರಡು ಸುತ್ತಿಗೆ ಮಾತ್ರ ಜಾಲಿ ಬೇಡ, ಬಾಯಿ ಸಡಿಲವಾಗುತ್ತೆ. ಮುಗಿಸುವಾಗ 2 ಮಿ.ಮೀ. ಕಡ್ಡಿಗೆ ಇಳಿದು ಒಂದು ಸುತ್ತು ಸಿಂಗಲ್, ಅದರ ಮೇಲೆ ಎಡದಿಂದ ಬಲಕ್ಕೆ ಹಿಮ್ಮುಖವಾಗಿ ಇನ್ನೊಂದು ಸುತ್ತು ಸಿಂಗಲ್. ಹಗ್ಗ ಹೊಸೆದ ಹಾಗೆ ಕಾಣುವ ಈ ಅಂಚು ಹಿಗ್ಗೋದು ಕಮ್ಮಿ. ಮುಂದೆ ಚಾಚುವ ಅಂಚೇನೂ ಬೇಡ, ಸಜ್ದಾದಲ್ಲಿ ಹಣೆ ನೆಲ ಮುಟ್ಟಬೇಕು.

ದಾರದ ತುದಿಗೆ ಗಂಟು ಹಾಕಬೇಡಿ. ಗಂಟು ತಲೆಗೆ ಒತ್ತುತ್ತೆ, ಸಾಲದ್ದಕ್ಕೆ ಬಿಚ್ಚಿಯೂ ಹೋಗುತ್ತೆ. ಹನ್ನೆರಡು ಸೆಂ.ಮೀ. ಉಳಿಸಿ, ಸೂಜಿಯಲ್ಲಿ ಒಂದು ಕಡೆಗೆ, ವಾಪಸ್, ಮತ್ತೆ ಮುಂದಕ್ಕೆ ಹೊಲಿಗೆಗಳ ಒಳಗೇ ಓಡಿಸಿ ಕತ್ತರಿಸಿ.

ಜಾಲಿ ಹಾಕದಿದ್ದರೆ ಇಡೀ ಟೋಪಿಗೆ 1,716 ಡಬಲ್. ನನ್ನ ಕೈಗೆ ನಾಲ್ಕೈದು ಗಂಟೆ, ಒಂದೇ ಕೂತಿಗೆ ಅಲ್ಲ. ಅಜಾನ್ ಕೇಳಿದ ಕೂಡಲೇ ಎದ್ದು ಹೋಗಬಹುದು ಅನ್ನೋದೇ ಕ್ರೋಶಾದ ಸುಖ: ಕಡ್ಡಿಯ ಮೇಲೆ ಇರೋದು ಒಂದೇ ಕುಣಿಕೆ, ಅದಕ್ಕೊಂದು ಸೇಫ್ಟಿ ಪಿನ್ ಹಾಕಿದರೆ ಆಯಿತು. ಸುತ್ತು ಎಣಿಸೋಕೆ ಅಂಗಡಿಯ ರೋ ಕೌಂಟರ್ ಬೇಕಿಲ್ಲ. ತಸ್ಬೀಹ್ ಎಣಿಸೋಕೆ ಬೆರಳಿಗೆ ಹಾಕುವ ಡಿಜಿಟಲ್ ಕೌಂಟರ್ ಇದೆಯಲ್ಲ, ಟೋಪಿ, ಅತ್ತರು ಮಾರುವ ಅಂಗಡಿಗಳಲ್ಲಿ ಸಿಗುತ್ತೆ, ಅದೇ ಸಾಕು. ನನ್ನ ಹತ್ತಿರ ಎರಡಿವೆ. ಒಂದನ್ನೇ ಎರಡಕ್ಕೂ ಬಳಸಿದರೆ ಎರಡೂ ಲೆಕ್ಕ ತಪ್ಪುತ್ತೆ.

ಈದ್‌ಗೆ ಕೊಡೋದಾದರೆ ಬಿಳಿ ಟೋಪಿಯನ್ನು ಚಾಂದ್ ರಾತ್‌ಗೆ (ಈದ್ ಹಿಂದಿನ, ಮೆಹಂದಿ ಹಾಕಿಕೊಳ್ಳುವ ರಾತ್ರಿಗೆ) ಎರಡು ದಿನ ಮೊದಲೇ ಮುಗಿಸಿ. ಹಸಿ ಮೆಹಂದಿಯ ಕೈ ಮುಟ್ಟಿದ ಬಿಳಿ ದಾರದ ಕಲೆ ಹೋಗಲ್ಲ.

ಎರಡು ಕಡ್ಡಿಯ ಹೆಣಿಗೆಗೆ, ನಮ್ಮ ಮನೆಗಳ ಸೀದಾ-ಉಲ್ಟಾಕ್ಕೆ, ಈ ಅನುಕೂಲ ಇಲ್ಲ. ಎಲ್ಲ ಕುಣಿಕೆಗಳೂ ಕಡ್ಡಿ ಮೇಲೇ ಜೀವ ಹಿಡಿದಿರುತ್ತವೆ. ಸಾಲು ಮುಗಿಸಿಯೇ ಏಳಬೇಕು, ನಡುವೆ ಬಿಟ್ಟರೆ ಆ ಜಾಗದ ಕುಣಿಕೆ ಹಿಗ್ಗಿ ಗುರುತು ಉಳಿಯುತ್ತೆ. ಒಂದು ಜಾರಿದರೆ ಏಣಿಯ ಹಾಗೆ ಕೆಳಗಿನವರೆಗೂ ಬಿಚ್ಚುತ್ತೆ. ಆಗ ಕ್ರೋಶಾ ಕಡ್ಡಿಯಿಂದಲೇ ಒಂದೊಂದು ಮೆಟ್ಟಿಲನ್ನೂ ಎತ್ತಿಕೊಂಡು ಬರಬೇಕು. ಆದರೂ ಎಳೆಗೂಸಿನ ಕುಲಾವಿಗೆ ಹೆಣಿಗೆಯೇ ಮೃದು. 10ನೇ ನಂಬರ್ ಕಡ್ಡಿ (3.25 ಮಿ.ಮೀ.; ಹಳೇ ನಂಬರಿನಲ್ಲಿ ಸಂಖ್ಯೆ ಏರಿದಷ್ಟೂ ಕಡ್ಡಿ ಸಣ್ಣ), 80 ಕುಣಿಕೆ, ಎರಡು ಸೀದಾ ಎರಡು ಉಲ್ಟಾ 4 ಸೆಂ.ಮೀ. ಆಮೇಲೆ ಒಟ್ಟು 9 ಸೆಂ.ಮೀ. ಆಗುವವರೆಗೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಅಲ್ಲಿಂದ ಎಂಟು ಸೀದಾ ಆದಮೇಲೆ ಎರಡನ್ನು ಒಟ್ಟು ಮಾಡುತ್ತಾ ಸಾಲಿಗೆ 8 ಇಳಿಸಿ, ಮುಂದಿನ ಸಾಲು ಬರೀ ಉಲ್ಟಾ. ಮತ್ತೆ ಏಳು ಸೀದಾ, ಎರಡು ಒಟ್ಟು. 8 ಉಳಿದಾಗ ದಾರವನ್ನು ಎಲ್ಲದರೊಳಗೂ ತೂರಿಸಿ ಎಳೆದು, ಹಿಂಭಾಗ ಹೊಲಿಯಿರಿ.

ಟೋಪಿ ಮುಗಿದ ಮೇಲೆ ಒಗೆದು, ಹಿಂಡದೆ ಟವೆಲಿನಲ್ಲಿ ಒತ್ತಿ, ಬೋರಲು ಹಾಕಿದ ಸ್ಟೀಲ್ ಡಬ್ಬಿಯ ಮೇಲೆ ಒಣಗಿಸಿ. ಡಬ್ಬಿಯ ಅಡ್ಡಗಲ 17 ಸೆಂ.ಮೀ. ಇದ್ದರೆ ಸರಿ. ಗರಿಯಾಗಿ ನಿಲ್ಲಬೇಕಾದರೆ ಸಬ್ಬಕ್ಕಿ ಗಂಜಿ: ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಬ್ಬಕ್ಕಿ, ಕಾಳು ಪಾರದರ್ಶಕವಾಗುವ ತನಕ ಕುದಿಸಿ, ಸೋಸಿ, ಅಷ್ಟೇ ತಣ್ಣೀರು ಬೆರೆಸಿ ಟೋಪಿ ಅದ್ದಿ ತೆಗೆಯಿರಿ. ಗಂಜಿ ಮಂದವಾದರೆ ಜಾಲಿಯ ಕಿಂಡಿಗಳಲ್ಲಿ ಪೊರೆ ಕಟ್ಟುತ್ತೆ. ಒದ್ದೆ ಇರುವಾಗಲೇ ಊದಿ ಬಿಡಿಸಿ, ಒಣಗಿದ ಮೇಲೆ ಬಿಳಿ ಪುಡಿಯಾಗಿ ಉದುರುತ್ತೆ. ಮಳೆಗಾಲದಲ್ಲಿ ಫ್ಯಾನ್ ಕೆಳಗೆ ಒಂದು ಪೂರ್ತಿ ದಿನ ಬೇಕು, ಅರೆಬರೆ ಒಣಗಿದ ಗಂಜಿ ಮುಗ್ಗುಲು ವಾಸನೆ ಹೊಡೆಯುತ್ತೆ. ಹಬ್ಬ ಕಳೆದು ಪೆಟ್ಟಿಗೆಯಲ್ಲಿ ಇಡೋ ಮುಂಚೆ ಗಂಜಿಯನ್ನು ಪೂರ್ತಿ ತೊಳೆದುಬಿಡಿ. ಗಂಜಿಗೆ ಬೆಳ್ಳಿಹುಳ ಬರುತ್ತೆ, ಬಂದದ್ದು ದಾರವನ್ನೂ ಬಿಡಲ್ಲ.